ನಿರ್ಧಾರಕಗಳೂ ಕನ್ನಡ ವಿದ್ಯಾರ್ಥಿಯೂ: ಆಂಗ್ಲ ಶಾಲಾವ್ಯಾಕರಣಗಳ ವಿಮರ್ಶೆ

ಆಂಗ್ಲ ಭಾಷೆಯಲ್ಲಿ ನಾಮಪದಕ್ಕೆ ಮೊದಲು ಬಂದು ಅದರ ಅರ್ಥವ್ಯಾಪ್ತಿಯನ್ನು ಗೊತ್ತುಪಡಿಸುವ ಸಣ್ಣ ಪದಗಳ ವರ್ಗವೊಂದುಂಟು. 'ಎ', 'ಆ್ಯನ್', 'ದಿ' ಎಂಬ ಉಪಪದಗಳು, 'ದಿಸ್', 'ದ್ಯಾಟ್' ಎಂಬ ನಿರ್ದೇಶಕಗಳು, 'ಮೈ', 'ಯುವರ್' ಎಂಬ ಸಂಬಂಧಸೂಚಕಗಳು, 'ಸಮ್', 'ಎನಿ', 'ಈಚ್', 'ಎವ್ರಿ', 'ಮೆನಿ', 'ಮಚ್', 'ಫ್ಯೂ' ಮೊದಲಾದ ಪರಿಮಾಣವಾಚಕಗಳು ಈ ವರ್ಗಕ್ಕೆ ಸೇರುತ್ತವೆ. ಇವನ್ನು ಒಟ್ಟಾಗಿ ನಿರ್ಧಾರಕಗಳೆಂದು ಕರೆಯುವ ವಾಡಿಕೆ ಈಚೆಗೆ ನಮ್ಮ ಶಾಲಾಪುಸ್ತಕಗಳಲ್ಲಿಯೂ ಬಂದಿದೆ. ಕನ್ನಡದ ಈ ಪಾರಿಭಾಷಿಕ ಪದವನ್ನು ಆರಿಸಿದವರು ಯಾರೇ ಆಗಿರಲಿ, ಅವರ ಆಯ್ಕೆ ಉಚಿತವಾಗಿದೆಯೆಂದೇ ನಮ್ಮ ಅಭಿಪ್ರಾಯ. ಲೋಕರೂಢಿಯಲ್ಲಿ 'ನಿರ್ಧಾರ'ವೆಂದರೆ ತೀರ್ಮಾನವೆಂದು ಅರ್ಥವಾದರೂ, ಪಾಣಿನೀಯ ಪರಂಪರೆಯಲ್ಲಿ 'ನಿರ್ಧಾರಣ'ವೆಂದರೆ ಸಮುದಾಯದೊಳಗಿಂದ ಒಂದನ್ನು ಬೇರೆಯಾಗಿ ಎತ್ತಿ ತೋರಿಸುವುದು. 'ಕವಿಗಳಲ್ಲಿ ಪಂಪನು ಶ್ರೇಷ್ಠನು' ಎಂಬಲ್ಲಿರುವುದು ನಿರ್ಧಾರಣ ಸಪ್ತಮಿ ಎಂಬುದು ಕನ್ನಡ ವ್ಯಾಕರಣವನ್ನೋದಿದವರಿಗೆ ಪರಿಚಿತವೇ ಆಗಿದೆ. ಆಂಗ್ಲದ ಈ ಸಣ್ಣ ಪದಗಳು ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸುತ್ತಲಿನ ಪ್ರೌಢಶಾಲೆಗಳಲ್ಲಿ ಈ ವಿಷಯವನ್ನು ಬೋಧಿಸುವ ಅಧ್ಯಾಪಕರ ಮುಂದೆ ಕುಳಿತಿರುವ ವಿದ್ಯಾರ್ಥಿಯ ಭಾಷಾಸ್ಥಿತಿಯನ್ನು ಮೊದಲು ಗಮನಿಸಬೇಕು. ಅವನ ಮನೆಮಾತು ತುಳು, ಕೊಂಕಣಿ, ಕನ್ನಡ, ಬ್ಯಾರಿ ಇವುಗಳಲ್ಲಿ ಒಂದು. ಶಾಲೆಯ ಕನ್ನಡ ಅನೇಕರಿಗೆ ಎರಡನೆಯದು, ಆಂಗ್ಲವಾದರೋ ಮೂರನೆಯದು. ಈ ನಾಲ್ಕು ಮನೆಮಾತುಗಳಲ್ಲಿ ಯಾವುದರಲ್ಲಿಯೂ 'ಎ' ಮತ್ತು 'ದಿ' ಎಂಬಂಥ ಕಡ್ಡಾಯವಾದ ಉಪಪದಗಳಿಲ್ಲ. ಸಂಸ್ಕೃತದಲ್ಲಿಯೂ ಇಲ್ಲ. ಆದಕಾರಣ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಾಗಲಿ, 1604ರ ಭಟ್ಟಾಕಳಂಕನ 'ಕರ್ಣಾಟಕ ಶಬ್ದಾನುಶಾಸನ'ದಲ್ಲಾಗಲಿ ಇಂಥದೊಂದು ಪದವರ್ಗಕ್ಕೆ ಎಡೆಯೇ ಬೇಕಾಗಲಿಲ್ಲ. ಇಷ್ಟನ್ನು ಕಂಡ ಶಾಲಾವ್ಯಾಕರಣಕಾರರು 'ಕನ್ನಡದಲ್ಲಿ ಇವು ಇಲ್ಲ, ಆದುದರಿಂದ ಬಾಯಿಪಾಠ ಮಾಡುವುದೊಂದೇ ದಾರಿ' ಎಂಬ ನಿರ್ಣಯಕ್ಕೆ ಬಂದಂತೆ ತೋರುತ್ತದೆ. ಈ ನಿರ್ಣಯದ ಪೂರ್ವಾರ್ಧ ನಿಜ. ಉತ್ತರಾರ್ಧವನ್ನು ನಾವು ಒಪ್ಪಲಾರೆವು. ಉಪಪದವಿಲ್ಲವೆಂದರೆ ಉಪಪದವು ಸೂಚಿಸುವ ಅರ್ಥಭೇದವೂ ಇಲ್ಲವೆಂದಾಗುವುದಿಲ್ಲ.

ಮೊದಲು ವರ್ಗೀಕರಣದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 1795ರಲ್ಲಿ ಪ್ರಕಟವಾಗಿ ಬಹುಕಾಲ ಶಾಲೆಗಳನ್ನು ಆಳಿದ ಲಿಂಡ್ಲಿ ಮರೆಯ ವ್ಯಾಕರಣವು ಉಪಪದವನ್ನು ಪ್ರತ್ಯೇಕ ಪದಜಾತಿಯೆಂದೇ ಎಣಿಸಿತು. 1930ರ ದಶಕದಲ್ಲಿ ಹೊರಬಂದು ನಮ್ಮ ದೇಶದಲ್ಲಿ ಮನೆಮಾತಾದ ರೆನ್ ಮತ್ತು ಮಾರ್ಟಿನ್ನರ ಪುಸ್ತಕದಲ್ಲಿ ಉಪಪದಗಳಿಗೆ ಬೇರೆ ಅಧ್ಯಾಯವಿದ್ದರೂ ಅವನ್ನು ನಿರ್ದೇಶಕ ಗುಣವಾಚಕಗಳೆಂದೇ ಭಾವಿಸಲಾಗಿದೆ. ಉಳಿದವೂ ಪರಿಮಾಣ ಗುಣವಾಚಕ, ಸಂಖ್ಯಾ ಗುಣವಾಚಕ ಇತ್ಯಾದಿ ಹೆಸರುಗಳಿಂದ ಗುಣವಾಚಕಗಳ ಕುಟುಂಬದಲ್ಲಿಯೇ ಸೇರಿಕೊಂಡಿವೆ. ಅಷ್ಟರಲ್ಲಿಯೇ, 1933ರಲ್ಲಿ, ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡನು ತನ್ನ 'ಲ್ಯಾಂಗ್ವೇಜ್' ಗ್ರಂಥದಲ್ಲಿ ಇವನ್ನು ವರ್ಣನಾತ್ಮಕ ಗುಣವಾಚಕಗಳಿಂದ ಬೇರ್ಪಡಿಸಿ ನಿರ್ಧಾರಕಗಳೆಂದು ಕರೆದಿದ್ದನು. ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1972 ಹಾಗೂ 1985ರ ಬೃಹದ್ವ್ಯಾಕರಣಗಳು ಈ ವರ್ಗಕ್ಕೆ ಪೂರ್ವ, ಮಧ್ಯ, ಉತ್ತರ ಎಂಬ ಮೂರು ಸ್ಥಾನಗಳನ್ನು ಗೊತ್ತುಮಾಡಿದವು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅವರು ಪದಜಾತಿಯ ಹೆಸರನ್ನೂ ಅದು ವಾಕ್ಯದಲ್ಲಿ ವಹಿಸುವ ಕಾರ್ಯದ ಹೆಸರನ್ನೂ ಬೇರೆಬೇರೆ ಮಾಡಿದರು. ಈ ಕೊನೆಯ ವಿವೇಚನೆ ಶಾಲೆಯ ಮಟ್ಟಕ್ಕೆ ಬೇಕಿಲ್ಲ.

ನಮ್ಮ ಅಂಗಡಿಗಳಲ್ಲಿ ದೊರೆಯುವ ಶಾಲಾಕೈಪಿಡಿಗಳಲ್ಲಿ ಈಗ ಅಧ್ಯಾಯದ ಶೀರ್ಷಿಕೆ ಹೊಸದಾಗಿದೆ. ಒಳಗಿನ ಸರಕು ಹಳೆಯದೇ. ನಿರ್ಧಾರಕವೆಂದರೆ 'ನಾಮಪದದ ಅರ್ಥವನ್ನು ವಿಶೇಷಿಸುವ ಪದ' ಎಂಬ ಲಕ್ಷಣ, ಬಳಿಕ ಒಂದು ಪಟ್ಟಿ, ಬಳಿಕ ಬಿಟ್ಟ ಸ್ಥಳಗಳನ್ನು ತುಂಬುವ ಅಭ್ಯಾಸ. ಈ ಲಕ್ಷಣವು ಗುಣವಾಚಕಕ್ಕೂ ಅಷ್ಟೇ ಹೊಂದುತ್ತದೆ. ಹಾಗಿದ್ದಮೇಲೆ ಹೆಸರು ಬದಲಾಯಿಸಿದ್ದೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಿದರೆ ಅಧ್ಯಾಪಕನು ಉತ್ತರಿಸಲಾರನು.

ಉತ್ತರವೇನೋ ಸರಳವಾಗಿಯೇ ಇದೆ. ಗುಣವಾಚಕಗಳನ್ನು ಎಷ್ಟು ಬೇಕಾದರೂ ಪೇರಿಸಬಹುದು; ನಿರ್ಧಾರಕಗಳನ್ನು ಪೇರಿಸಲಾಗದು. 'ಹಳೆಯ ದೊಡ್ಡ ಕೆಂಪು ಪುಸ್ತಕ' ಎಂಬುದನ್ನು ಆಂಗ್ಲದಲ್ಲಿಯೂ ಹಾಗೆಯೇ ಹೇಳಬಹುದು. ಆದರೆ 'ಈ ನನ್ನ ಪುಸ್ತಕ' ಎಂಬುದನ್ನು 'ದಿಸ್ ಮೈ ಬುಕ್' ಎನ್ನುವಂತಿಲ್ಲ. 'ದಿಸ್' ಮತ್ತು 'ಮೈ' ಎರಡೂ ಒಂದೇ ಪೀಠಕ್ಕೆ ಸ್ಪರ್ಧಿಸುವ ಪದಗಳು. ಒಂದು ಕುಳಿತಿತೆಂದರೆ ಇನ್ನೊಂದು ಎದ್ದು ಹೋಗಿ 'ದಿಸ್ ಬುಕ್ ಆಫ್ ಮೈನ್' ಎಂದು ಹಿಂದಿನ ಬಾಗಿಲಿನಿಂದ ಬರಬೇಕು. ಇದು ಆಂಗ್ಲಕ್ಕೂ ಹುಟ್ಟುಗುಣವಲ್ಲ. 1611ರ ಬೈಬಲ್ ಭಾಷಾಂತರದ ಆಂಗ್ಲದಲ್ಲಿ ಇವೆರಡೂ ಒಟ್ಟಿಗೆ ಬರುತ್ತಿದ್ದವು. ಕನ್ನಡದಲ್ಲಾದರೋ ಇಂಥ ಪೀಠವೇ ಇಲ್ಲ. 'ಆ ನಮ್ಮ ಹಳೆಯ ಮನೆ', 'ನಮ್ಮ ಆ ಹಳೆಯ ಮನೆ', 'ನಮ್ಮ ಆ ಎರಡು ಹಳೆಯ ಮನೆ' ಎಲ್ಲವೂ ಸಾಧು. ಕನ್ನಡದ ಮಟ್ಟಿಗೆ ಇವೆಲ್ಲ ವಿಶೇಷಣಗಳೇ. ಹೀಗಿರಲು ಆಂಗ್ಲದ 'ದಿಸ್' ಮತ್ತು 'ಮೈ' ಕೂಡ ಗುಣವಾಚಕಗಳೆಂದು ಹೇಳಿಕೊಟ್ಟರೆ ವಿದ್ಯಾರ್ಥಿಯು ತನ್ನ ಭಾಷೆಯ ಅಭ್ಯಾಸದಂತೆ ಅವನ್ನು ಪೇರಿಸುವುದು ಸಹಜವಲ್ಲವೆ? ಅವನು ತಪ್ಪುಮಾಡಿದ್ದು ಪಾಠವನ್ನು ಕೇಳದ್ದರಿಂದಲ್ಲ, ಕೇಳಿ ನಂಬಿದ್ದರಿಂದ. ಹೊಸ ಹೆಸರಿನ ಪ್ರಯೋಜನವೆಲ್ಲ ಈ ಒಂದು ಪೀಠದ ನಿಯಮವನ್ನು ಹೇಳುವುದರಲ್ಲಿದೆ. ಅದನ್ನೇ ಬಿಟ್ಟು ಹೆಸರನ್ನು ಮಾತ್ರ ತಂದದ್ದು ನಮ್ಮ ಕೈಪಿಡಿಗಳ ಮೊದಲನೆಯ ದೋಷ.

ಎರಡನೆಯ ದೋಷ ಇದಕ್ಕಿಂತ ದೊಡ್ಡದು. ಮೊದಲ ಬಾರಿ ಹೇಳುವಾಗ 'ಎ', ಎರಡನೆಯ ಬಾರಿ ಹೇಳುವಾಗ 'ದಿ' ಎಂಬ ಸೂತ್ರವನ್ನು ಎಲ್ಲ ಶಾಲಾವ್ಯಾಕರಣಗಳೂ ಕೊಡುತ್ತವೆ. ಅದಕ್ಕೆ ಉದಾಹರಣೆಯಾಗಿ ರಾಜನ ಕಥೆಯೊಂದು ಬರುತ್ತದೆ. ಕನ್ನಡದ ಮಗುವಿಗೆ ಇದು ಕಷ್ಟವೇ ಅಲ್ಲ. 'ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನು. ಆ ರಾಜನಿಗೆ ಇಬ್ಬರು ಮಕ್ಕಳು' ಎಂದು ಅಜ್ಜಿಯ ಬಾಯಿಂದ ಅದು ಕೇಳಿಯೇ ಇದೆ. ತುಳುವಿನಲ್ಲಿ 'ಒಂಜಿ ಊರುಡು' ಎಂದು ಕಥೆ ತೊಡಗುವುದೂ ಹಾಗೆಯೇ. ಇಲ್ಲಿ 'ಒಬ್ಬ'ನಿಗೆ 'ಎ', 'ಆ' ಎಂಬುದಕ್ಕೆ 'ದಿ' ಸರಿಯಾಗಿ ಕೂರುತ್ತದೆ. ಕೂರುವುದರಿಂದಲೇ ಅಪಾಯ ಹುಟ್ಟುತ್ತದೆ: 'ದಿ' ಎಂದರೆ 'ಆ' ಎಂಬ ಸಮೀಕರಣವು ವಿದ್ಯಾರ್ಥಿಯ ಮನಸ್ಸಿನಲ್ಲಿ ಬೇರೂರುತ್ತದೆ. ಕನ್ನಡದ 'ಆ' ಎಂಬುದು ಹಿಂದೆ ಹೇಳಿದ್ದನ್ನು ಅಥವಾ ಬೆರಳು ತೋರಿದ್ದನ್ನು ಸೂಚಿಸುತ್ತದೆ. ಆಂಗ್ಲದ 'ದಿ' ಅದನ್ನೂ ಮಾಡುತ್ತದೆ, ಅದಕ್ಕಿಂತ ಹೆಚ್ಚಿನದನ್ನೂ ಮಾಡುತ್ತದೆ.

ಕಾಪುವಿನ ಕಡಲ ತಡಿಯಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಕಾಪುವಿನ ಇಬ್ಬರು ಹುಡುಗರು ಸಂಜೆ ಭೇಟಿಯಾಗುವ ಸ್ಥಳವನ್ನು ಗೊತ್ತುಮಾಡುವಾಗ 'ದೀಪಸ್ತಂಭದ ಹತ್ತಿರ ಬಾ' ಎಂದರೆ ಸಾಕು. 'ಆ ದೀಪಸ್ತಂಭದ ಹತ್ತಿರ' ಎಂದರೆ ಯಾವ ದೀಪಸ್ತಂಭವೆಂದು ಕೇಳಬೇಕಾದೀತು. ಆಂಗ್ಲದಲ್ಲಿ ಇದು ಮೊದಲ ಮಾತಾದರೂ 'ದಿ ಲೈಟ್‌ಹೌಸ್' ಎಂದೇ ಆಗಬೇಕು. ಅದೇ ಹುಡುಗನು ಬಳ್ಳಾರಿಯ ನೆಂಟನಿಗೆ ಪತ್ರ ಬರೆಯುವಾಗ 'ನಮ್ಮೂರಿನಲ್ಲಿ ಒಂದು ದೀಪಸ್ತಂಭವಿದೆ' ಎನ್ನುತ್ತಾನೆ. ಆಗ 'ಎ ಲೈಟ್‌ಹೌಸ್'. ಸ್ತಂಭವು ಅದೇ, ಬದಲಾದದ್ದು ಕೇಳುವವನು. ಹಾಗಾದರೆ ನಿಯಮವಿರುವುದು ಎಷ್ಟನೆಯ ಬಾರಿ ಹೇಳಿದ್ದೆಂಬುದರಲ್ಲಲ್ಲ, ಕೇಳುವವನು ಅದನ್ನು ಗುರುತಿಸಬಲ್ಲನೆಂದು ಹೇಳುವವನು ಭಾವಿಸಿದ್ದಾನೆಯೇ ಎಂಬುದರಲ್ಲಿ. ಪೌಲ್ ಕ್ರಿಸ್ಟೋಫರ್ಸನ್ನನು 1939ರಲ್ಲಿ ಉಪಪದಗಳನ್ನು ಕುರಿತು ಬರೆದ ಗ್ರಂಥದಲ್ಲಿ 'ದಿ'ಯ ಅರ್ಥವನ್ನು ಪರಿಚಿತತ್ವದ ಮೂಲಕ ವಿವರಿಸಿದನು. ಅದಕ್ಕೂ ಹಿಂದೆ, 1905ರಲ್ಲಿ, ತತ್ತ್ವಜ್ಞಾನಿಯಾದ ಬರ್ಟ್ರಂಡ್ ರಸೆಲನು ಏಕೈಕತ್ವದ ಮೂಲಕ ವಿವರಿಸಿದ್ದನು. ಇವೆರಡರಲ್ಲಿ ಯಾವುದು ಮೂಲವೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಶಾಲೆಗೆ ಎರಡೂ ಬೇಕು: ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಲ್ಲಿಸಿದ ಗೊಮ್ಮಟನು ಆ ಊರಿಗೆ ಒಬ್ಬನೇ ಆದುದರಿಂದ 'ದಿ ಸ್ಟ್ಯಾಚೂ', ಸೂರ್ಯನು ಜಗತ್ತಿಗೇ ಒಬ್ಬನಾದುದರಿಂದ 'ದಿ ಸನ್'. ಕನ್ನಡದಲ್ಲಿ 'ಆ ಸೂರ್ಯನು ಹುಟ್ಟಿದನು' ಎಂದರೆ ಕವಿತೆಯಾದೀತು, ವರ್ತಮಾನವಾಗದು.

ಇನ್ನೊಂದು ಬಗೆಯನ್ನು 1978ರಲ್ಲಿ ಜಾನ್ ಹಾಕಿನ್ಸ್ ವಿಸ್ತಾರವಾಗಿ ಚರ್ಚಿಸಿದ್ದಾರೆ. 'ಉಡುಪಿಯಲ್ಲಿ ಬಸ್ಸು ಹತ್ತಿದೆವು. ಚಾಲಕನು ಕುಡಿಯುವ ನೀರಿಗಾಗಿ ನಿಲ್ಲಿಸಿದನು' ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಚಾಲಕನ ಪ್ರಸ್ತಾಪ ಹಿಂದೆ ಬಂದಿಲ್ಲ. ಆದರೂ ಬಸ್ಸೆಂದಮೇಲೆ ಚಾಲಕನಿದ್ದೇ ಇರುತ್ತಾನೆ. ಆಂಗ್ಲದಲ್ಲಿ 'ಎ ಬಸ್' ಎಂದು ತೊಡಗಿ ಕೂಡಲೇ 'ದಿ ಡ್ರೈವರ್' ಎನ್ನಬೇಕು. ಮೊದಲ ಬಾರಿ, ಎರಡನೆಯ ಬಾರಿ ಎಂಬ ಸೂತ್ರವನ್ನು ನಂಬಿದ ವಿದ್ಯಾರ್ಥಿ ಇಲ್ಲಿ 'ಎ ಡ್ರೈವರ್' ಎನ್ನುತ್ತಾನೆ; 'ದಿ' ಎಂದರೆ 'ಆ' ಎಂದು ನಂಬಿದವನು ಏನನ್ನೂ ಹಾಕದೆ 'ಡ್ರೈವರ್' ಎಂದು ಬಿಡುತ್ತಾನೆ. ಉತ್ತರಪತ್ರಿಕೆಗಳನ್ನು ತಿದ್ದಿದವರೆಲ್ಲರೂ ಈ ಎರಡನೆಯ ಲೋಪವನ್ನು ಹೇರಳವಾಗಿ ಕಂಡಿರುತ್ತಾರೆ. ಅದನ್ನು ಅಜಾಗರೂಕತೆಯೆಂದು ಕೆಂಪುಮಸಿಯಲ್ಲಿ ಗೆರೆಯೆಳೆಯುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಬಹುದು: ಲೋಪವಾದ ಸ್ಥಳದಲ್ಲಿ ಕನ್ನಡವು 'ಆ' ಎಂಬುದನ್ನು ಸಹಿಸುತ್ತದೆಯೇ? ಸಹಿಸದ ಕಡೆಯಲ್ಲಿಯೇ ಲೋಪಗಳು ಗುಂಪುಗೂಡಿದ್ದರೆ ಅದು ಅಜಾಗರೂಕತೆಯಲ್ಲ, ವಿದ್ಯಾರ್ಥಿಯು ತಾನೇ ಕಟ್ಟಿಕೊಂಡ ನಿಯಮದ ನಿಷ್ಠೆಯಿಂದ ಕೂಡಿದ ಪಾಲನೆ.

ಹಾಗಾದರೆ ಪರಿಚಿತ, ಅಪರಿಚಿತ ಎಂಬ ಭೇದವನ್ನು ಕನ್ನಡವು ಹೇಗೆ ಸೂಚಿಸುತ್ತದೆ? ಬಹುಮಟ್ಟಿಗೆ ಪದಕ್ರಮದಿಂದ. 'ಮೇಜಿನ ಮೇಲೆ ಪುಸ್ತಕವಿದೆ' ಎಂದರೆ ಯಾವುದೋ ಒಂದು ಪುಸ್ತಕ. 'ಪುಸ್ತಕ ಮೇಜಿನ ಮೇಲಿದೆ' ಎಂದರೆ ಕೇಳುವವನು ಹುಡುಕುತ್ತಿದ್ದ ಪುಸ್ತಕ. ಎರಡೇ ಪದಸಮೂಹಗಳನ್ನು ಸ್ಥಾನಪಲ್ಲಟ ಮಾಡಿದ್ದರಿಂದ ಉಂಟಾದ ಈ ಭೇದವನ್ನು ಏಳು ವರ್ಷದ ಮಗುವೂ ತಪ್ಪಿಲ್ಲದೆ ಪಾಲಿಸುತ್ತದೆ. ಮೊದಲನೆಯದು ಆಂಗ್ಲದಲ್ಲಿ 'ದೇರ್ ಈಸ್ ಎ ಬುಕ್' ಎಂದು ತೊಡಗುತ್ತದೆ, ಎರಡನೆಯದು 'ದಿ ಬುಕ್ ಈಸ್' ಎಂದು. 'ಎ' ಮತ್ತು 'ದಿ'ಗಳ ಪಾಠವನ್ನು ಈ ಜೋಡಿವಾಕ್ಯದಿಂದ ತೊಡಗಿಸುವ ಪುಸ್ತಕವನ್ನು ನಾವು ಇದುವರೆಗೆ ಕಂಡಿಲ್ಲ.

ವಿಭಕ್ತಿಯಿಂದಲೂ ಈ ಭೇದದ ನೆರಳು ಕಾಣುತ್ತದೆ. ಮಾತಿನ ಕನ್ನಡದಲ್ಲಿ 'ಅಪ್ಪ ಮರ ಕಡಿಸಿದರು' ಎಂಬುದಕ್ಕೂ 'ಅಪ್ಪ ಮರವನ್ನು ಕಡಿಸಿದರು' ಎಂಬುದಕ್ಕೂ ವ್ಯತ್ಯಾಸವುಂಟು. ಎರಡನೆಯದರಲ್ಲಿ ಮನೆಯವರೆಲ್ಲ ಬಲ್ಲ ಒಂದು ಮರ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಇದನ್ನೇ ನಿಯಮವೆಂದು ಹಿಡಿಯಲಾಗದು. ಮನುಷ್ಯವಾಚಕಗಳಿಗೆ 'ಅನ್ನು' ಬಿಡಲು ಬರುವುದಿಲ್ಲ, ಗ್ರಾಂಥಿಕ ಕನ್ನಡವು ಎಲ್ಲ ಕಡೆಯಲ್ಲಿಯೂ ಅದನ್ನು ಹಾಕುತ್ತದೆ. 2006ರಲ್ಲಿ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿ ಜೆಫ್ರಿ ಲಿಡ್ಜ್ ಅವರು ಕನ್ನಡದ ಕರ್ಮವಿಭಕ್ತಿಯನ್ನು ಕುರಿತು ಬರೆದ ಲೇಖನವೂ ಪ್ರತ್ಯಯಕ್ಕೂ ಅರ್ಥಕ್ಕೂ ನೇರವಾದ ಸಮೀಕರಣವಿಲ್ಲವೆಂದೇ ತೋರಿಸುತ್ತದೆ.

ಇವೆಲ್ಲಕ್ಕಿಂತ ಸ್ಪಷ್ಟವಾದ ಸಾಧನವೊಂದು ಕನ್ನಡದಲ್ಲಿದೆ. ಅದು ಸಂಖ್ಯಾವಾಚಕದ ಮೇಲೆ ಬರುವ 'ಊ'ಕಾರ. 'ಮೂವರು ಬಂದರು' ಎಂದರೆ ಯಾರೋ ಮೂರು ಜನ. 'ಮೂವರೂ ಬಂದರು' ಎಂದರೆ ಬರಬೇಕಾಗಿದ್ದ, ನಮಗೆ ಗೊತ್ತಿದ್ದ ಮೂರು ಜನ, ಅವರಲ್ಲಿ ಯಾರೂ ಉಳಿಯಲಿಲ್ಲ. 'ಉಡುಪಿಯಲ್ಲಿ ಎಂಟು ಮಠಗಳಿವೆ' ಎಂಬುದು ಅನ್ಯದೇಶೀಯನಿಗೆ ಕೊಡುವ ಸಮಾಚಾರ. 'ಎಂಟೂ ಮಠಗಳಿಗೆ ಸರದಿಯಲ್ಲಿ ಪರ್ಯಾಯ ಬರುತ್ತದೆ' ಎಂಬುದು ಅವನ್ನು ಬಲ್ಲವನೊಡನೆ ಆಡುವ ಮಾತು. ಈ ಒಂದು ಸ್ವರವು ಆಂಗ್ಲದಲ್ಲಿ 'ಆಲ್ ದಿ ಏಯ್ಟ್' ಎಂಬ ಮೂರು ಪದಗಳಾಗಿ ಬಿಡಿಸಿಕೊಳ್ಳುತ್ತದೆ: ಪೂರ್ವಸ್ಥಾನದಲ್ಲಿ 'ಆಲ್', ಮಧ್ಯಸ್ಥಾನದಲ್ಲಿ 'ದಿ', ಉತ್ತರಸ್ಥಾನದಲ್ಲಿ ಸಂಖ್ಯೆ. ಕ್ವರ್ಕ್ ಮತ್ತು ಸಂಗಡಿಗರ ಮೂರು ಸ್ಥಾನಗಳನ್ನು ಕಲಿಸಲು ಇದಕ್ಕಿಂತ ಉತ್ತಮವಾದ ಉದಾಹರಣೆ ನಮಗೆ ಹೊಳೆಯದು. ತುಳುವಿನವರಿಗೆ 'ಮೂಜಿ' ಮತ್ತು 'ಮೂಜಿಲಾ' ಎಂದರೆ ಸಾಕು.

'ಒಂದು' ಎಂಬ ಪದದ ವಿಷಯಕ್ಕೆ ಬರೋಣ. ಕೈಪಿಡಿಗಳ ಪ್ರಕಾರ 'ಎ' ಎಂದರೆ 'ಒಂದು'. ಆದರೆ 'ಅವರು ವೈದ್ಯರು' ಎಂಬಲ್ಲಿ ಕನ್ನಡಕ್ಕೆ ಸಂಖ್ಯೆ ಬೇಡ, ಆಂಗ್ಲಕ್ಕೆ 'ಎ ಡಾಕ್ಟರ್' ಎಂದೇ ಆಗಬೇಕು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ; ಅಲ್ಲಿಗೆ ಹೋಗಬೇಕೆಂದು ಹಂಬಲಿಸುವ ನಮ್ಮ ಹುಡುಗರು ತಮ್ಮ ಗುರಿಯನ್ನು ಕುರಿತು ಪ್ರಬಂಧ ಬರೆಯುವಾಗ 'ಐ ವಾಂಟ್ ಟು ಬಿಕಮ್ ಡಾಕ್ಟರ್' ಎಂದೇ ತೊಡಗುವುದು ಇದರ ಫಲ. ಇತ್ತ ಕಡೆ ಆಂಗ್ಲದ ಒತ್ತಡದಿಂದ ಕನ್ನಡವೂ ಕೆಡುತ್ತಿದೆ. 'ಅವರು ಒಬ್ಬ ವೈದ್ಯರು', 'ಇದು ಒಂದು ಉತ್ತಮ ಪ್ರಯತ್ನ' ಎಂಬಂಥ ವಾಕ್ಯಗಳು ಪತ್ರಿಕೆಗಳಲ್ಲಿ ದಿನವೂ ಬರುತ್ತವೆ. ಈ ಲೇಖನದ ಶೀರ್ಷಿಕೆಯಲ್ಲಿ 'ಒಂದು ವಿಮರ್ಶೆ' ಎಂದು ಬರೆಯದೆ ಬಿಟ್ಟದ್ದು ಉದ್ದೇಶಪೂರ್ವಕವಾಗಿಯೇ.

ಅಭ್ಯಾಸಗಳ ವಿಚಾರವಾಗಿ ಕೆಲವು ಮಾತು ಕಟುವಾಗಿಯೇ ಹೇಳಬೇಕಾಗಿದೆ. ಬಿಟ್ಟ ಸ್ಥಳವನ್ನು ತುಂಬುವ ಪ್ರಶ್ನೆಗಳಲ್ಲಿ ಬಿಡಿವಾಕ್ಯವೊಂದನ್ನು ಕೊಟ್ಟು 'ಎ' ಅಥವಾ 'ದಿ' ಹಾಕೆನ್ನುತ್ತಾರೆ. 'ಟೀಚರ್ ಕೇಮ್ ಇನ್' ಎಂಬ ವಾಕ್ಯದ ಮೊದಲಿನ ಗೆರೆಯಲ್ಲಿ ಏನನ್ನು ಬರೆಯಬೇಕು? ತರಗತಿಗೆ ಸದಾ ಬರುವ ಅಧ್ಯಾಪಕರಾದರೆ 'ದಿ', ಅಪರಿಚಿತರಾದ ಯಾರೋ ಒಬ್ಬರಾದರೆ 'ಎ'. ವಾಕ್ಯದೊಳಗೆ ಇದನ್ನು ತೀರ್ಮಾನಿಸುವ ಸಾಧನವಿಲ್ಲ. ಉತ್ತರಸೂಚಿಯಲ್ಲಿ ಮಾತ್ರ ಒಂದೇ ಉತ್ತರವಿರುತ್ತದೆ. ಸರಿಯಾಗಿ ಯೋಚಿಸಿದ ವಿದ್ಯಾರ್ಥಿ ಅಂಕ ಕಳೆದುಕೊಳ್ಳುತ್ತಾನೆ, ಉತ್ತರಸೂಚಿ ಬರೆದವನ ಮನಸ್ಸನ್ನು ಊಹಿಸಿದವನು ಗೆಲ್ಲುತ್ತಾನೆ. ನಿರ್ಧಾರಕವು ಹೇಳುವವನಿಗೂ ಕೇಳುವವನಿಗೂ ನಡುವಣ ಒಡಂಬಡಿಕೆಯಾದುದರಿಂದ, ಅವರಿಬ್ಬರನ್ನೂ ಅಳಿಸಿಹಾಕಿದ ವಾಕ್ಯದಲ್ಲಿ ಅದನ್ನು ಪರೀಕ್ಷಿಸುವುದೇ ಅಸಂಗತ. ನಾಲ್ಕೈದು ವಾಕ್ಯಗಳ ಒಂದು ಪರಿಚ್ಛೇದವನ್ನು ಕೊಟ್ಟು, ಯಾರು ಯಾರಿಗೆ ಹೇಳಿದ್ದೆಂದು ತಿಳಿಸಿ, ಬಳಿಕ ಗೆರೆಗಳನ್ನಿಟ್ಟರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಪ್ರಶ್ನಪತ್ರಿಕೆ ಸಿದ್ಧಪಡಿಸುವವರಿಗೆ ಶ್ರಮ ಸ್ವಲ್ಪ ಹೆಚ್ಚಾದೀತು.

'ಸಮ್' ಮತ್ತು 'ಎನಿ'ಗಳಿಗೆ ಕೊಡುವ ಸೂತ್ರವೂ ಇಂಥದೇ. ವಿಧಿವಾಕ್ಯದಲ್ಲಿ 'ಸಮ್', ನಿಷೇಧದಲ್ಲಿಯೂ ಪ್ರಶ್ನೆಯಲ್ಲಿಯೂ 'ಎನಿ' ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಯು 'ಎನಿ ಚೈಲ್ಡ್ ಕ್ಯಾನ್ ಡೂ ದಿಸ್' ಎಂಬ ವಿಧಿವಾಕ್ಯವನ್ನೂ, ಅತಿಥಿಗೆ ಚಹಾ ಬೇಕೇ ಎಂದು ಕೇಳುವಾಗಿನ 'ಸಮ್ ಟೀ' ಎಂಬ ಪ್ರಶ್ನೆಯನ್ನೂ ಕಂಡು ದಿಕ್ಕುಗೆಡುತ್ತಾನೆ. ಆಗ ಅವನ್ನು ಅಪವಾದಗಳೆಂದು ಹೇಳಿ ಇನ್ನೊಂದು ಪಟ್ಟಿಯನ್ನು ಕೊಡುತ್ತಾರೆ. ಈ ವಿಷಯದಲ್ಲಿ ಕನ್ನಡವು ಆಂಗ್ಲಕ್ಕಿಂತ ಸೂಕ್ಷ್ಮವಾದ ಭಾಷೆ. 'ಯಾರು' ಎಂಬ ಒಂದೇ ಪದಕ್ಕೆ ಮೂರು ಪ್ರತ್ಯಯಗಳು ಸೇರಿ ಮೂರು ಅರ್ಥಗಳಾಗುತ್ತವೆ: 'ಯಾರೋ ಬಂದಿದ್ದಾರೆ', 'ಯಾರಾದರೂ ಬಂದರೆ ತಿಳಿಸು', 'ಯಾರೂ ಬರಲಿಲ್ಲ'. ಮೊದಲನೆಯದರಲ್ಲಿ ವ್ಯಕ್ತಿಯುಂಟು, ಗುರುತಿಲ್ಲ; ಅದು 'ಸಮ್'. ಎರಡನೆಯದರಲ್ಲಿ ವ್ಯಕ್ತಿಯುಂಟೆಂಬ ಭರವಸೆಯೇ ಇಲ್ಲ, ಯಾರಾದರೂ ಆದೀತು, ಅದು 'ಎನಿ'. ಮೂರನೆಯದು ನಿಷೇಧದೊಡನೆ ಬರುವ 'ಎನಿ', ಅಥವಾ ನಿಷೇಧವನ್ನೂ ಒಳಗೊಂಡ 'ನೋ'. 'ಯಾವ ಮಗುವಾದರೂ ಇದನ್ನು ಮಾಡೀತು' ಎಂಬಲ್ಲಿ 'ಆದರೂ' ಇರುವುದರಿಂದ 'ಎನಿ' ಬಂತು. ಇದು ಅಪವಾದವಲ್ಲ, ನಿಯಮವೇ. ಪ್ರಶ್ನೆಯಲ್ಲಿಯೂ 'ಯಾರಾದರೂ ಬಂದಿದ್ದಾರೆಯೇ' ಎಂಬುದು ಬರಿಯ ವಿಚಾರಣೆ. 'ಯಾರೋ ಬಂದಿದ್ದಾರೆಯೇ' ಎಂಬುದು ಜಗಲಿಯಲ್ಲಿ ಚಪ್ಪಲಿಯನ್ನು ಕಂಡಮೇಲೆ ಕೇಳಿದ್ದು. ಆಂಗ್ಲದಲ್ಲಿ ಮೊದಲನೆಯದಕ್ಕೆ 'ಎನಿವನ್', ಎರಡನೆಯದಕ್ಕೆ 'ಸಮ್‌ವನ್'.

ಈ ಹೋಲಿಕೆಗೂ ಮಿತಿಯುಂಟು. 'ಯಾರಾದರೂ ನೀರು ತನ್ನಿ' ಎಂಬ ಆಜ್ಞೆಯಲ್ಲಿ ಆಂಗ್ಲವು 'ಸಮ್' ಎಂಬುದನ್ನೇ ಬಯಸುತ್ತದೆ. ಪರಿಮಾಣವನ್ನು ಸೂಚಿಸುವ 'ಸಮ್' ಎಂಬುದಕ್ಕೆ ಕನ್ನಡದಲ್ಲಿ 'ಸ್ವಲ್ಪ', 'ಕೆಲವು' ಎಂಬ ಬೇರೆ ಪದಗಳಿವೆ, ಅನೇಕ ಕಡೆ ಯಾವ ಪದವೂ ಬೇಕಿಲ್ಲ. ಇವನ್ನು ಒಪ್ಪಿಕೊಂಡು ಹೇಳಿದರೂ ಮೂರು ಪ್ರತ್ಯಯಗಳ ದಾರಿಯು ಶಾಲಾಸೂತ್ರಕ್ಕಿಂತ ದೂರ ಒಯ್ಯುತ್ತದೆ.

'ಫ್ಯೂ' ಮತ್ತು 'ಎ ಫ್ಯೂ'ಗಳ ನಡುವಣ ಭೇದವು ಅಂಕಗಳ ಪ್ರಶ್ನೆ ಮಾತ್ರವಲ್ಲ. ಒಂದು ಚಿಕಿತ್ಸೆಯಿಂದ 'ಎ ಫ್ಯೂ' ರೋಗಿಗಳು ಗುಣಹೊಂದಿದರೆಂದರೆ ಆಸೆಗೆ ಎಡೆಯಿದೆ. 'ಫ್ಯೂ' ಎಂದರೆ ಇಲ್ಲವೇ ಇಲ್ಲವೆಂಬಷ್ಟು. ಕೈಪಿಡಿಗಳು ಎರಡಕ್ಕೂ 'ಕೆಲವು' ಎಂದು ಅರ್ಥ ಕೊಟ್ಟು, ಒಂದು ಧನಾತ್ಮಕ, ಇನ್ನೊಂದು ಋಣಾತ್ಮಕ ಎಂದು ಗಣಿತದ ಭಾಷೆಯಲ್ಲಿ ಮುಗಿಸುತ್ತವೆ. ಕನ್ನಡವು ಈ ಎರಡನೆಯದನ್ನು ಒಂದು ವಿಶೇಷಣದಿಂದ ಹೇಳುವುದೇ ಇಲ್ಲ, ವಾಕ್ಯವನ್ನೇ ತಿರುಗಿಸುತ್ತದೆ. 'ಕೆಲವರು ಬಂದರು' ಎಂಬುದು ಮೊದಲನೆಯದಾದರೆ, 'ಬಂದವರೇ ಕಡಿಮೆ' ಅಥವಾ 'ಹೆಚ್ಚು ಜನ ಬರಲಿಲ್ಲ' ಎಂಬುದು ಎರಡನೆಯದು. ಹೀಗೆ ಭಾಷಾಂತರಿಸಿ ತೋರಿಸಿದ ಕೂಡಲೇ ಭೇದವು ಮನಸ್ಸಿಗೆ ಬರುತ್ತದೆ. 'ಲಿಟ್ಲ್' ಮತ್ತು 'ಎ ಲಿಟ್ಲ್'ಗಳಿಗೂ ಇದೇ ಕ್ರಮ.

'ಮೆನಿ' ಮತ್ತು 'ಮಚ್'ಗಳಲ್ಲಿ ತೊಡಕು ಬೇರೆ ಬಗೆಯದು. ಕನ್ನಡವು ಎಣಿಸುವಾಗ ಮನುಷ್ಯರನ್ನು ಇತರ ವಸ್ತುಗಳಿಂದ ಬೇರ್ಪಡಿಸುತ್ತದೆ: ಒಬ್ಬ, ಒಬ್ಬಳು, ಒಂದು, ಹಲವರು, ಹಲವು. ಆಂಗ್ಲವು ಆ ಗೋಜಿಗೆ ಹೋಗದೆ, ಎಣಿಸಬಹುದಾದದ್ದನ್ನು ಅಳೆಯಬೇಕಾದದ್ದರಿಂದ ಬೇರ್ಪಡಿಸುತ್ತದೆ. ನಮ್ಮ 'ಎಷ್ಟು' ಎಂಬುದು ತೆಂಗಿನಕಾಯಿಗೂ 'ಎಷ್ಟು', ಎಣ್ಣೆಗೂ 'ಎಷ್ಟು'. ಸಲಹೆ, ಸುದ್ದಿ, ಮಾಹಿತಿಗಳನ್ನು ನಾವು ಎರಡು, ಮೂರು ಎಂದು ಎಣಿಸುತ್ತೇವೆ; ಆಂಗ್ಲವು ಅವನ್ನು ಎಣ್ಣೆಯ ಪಕ್ಕದಲ್ಲಿಡುತ್ತದೆ. ಇದಕ್ಕೆ ತರ್ಕವಿಲ್ಲ, ನಿಘಂಟನ್ನು ನೋಡುವುದೇ ಸರಿ.

'ಎ' ಮತ್ತು 'ಆ್ಯನ್'ಗಳ ಆಯ್ಕೆಯು ಅಕ್ಷರದ್ದಲ್ಲ, ಉಚ್ಚಾರದ್ದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೇಳಿ ಮತ್ತೆ ಆಂಗ್ಲ ಸ್ವರಾಕ್ಷರಗಳನ್ನೇ ಎಣಿಸುತ್ತವೆ. ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ಸಾಕಲ್ಲ! 'ಅವರ್', 'ಎಂ.ಬಿ.ಬಿ.ಎಸ್.', 'ಎಂ.ಎಲ್.ಎ.' ಎಂಬುವು ಸ್ವರದಿಂದ ತೊಡಗುತ್ತವೆ, ಆದುದರಿಂದ 'ಆ್ಯನ್'. 'ಯೂನಿವರ್ಸಿಟಿ', 'ಯುರೋಪಿಯನ್', 'ವನ್‌ವೇ' ಎಂಬುವು ಯಕಾರ ವಕಾರಗಳಿಂದ, ಆದುದರಿಂದ 'ಎ'. ನಮ್ಮ ಲಿಪಿಯು ಕೊಡುವ ಈ ಉಚಿತ ಸಹಾಯವನ್ನು ಏಕೆ ನಿರಾಕರಿಸಬೇಕು? ಎಚ್ಚರಿಕೆಯೊಂದು ಬೇಕು. ಕನ್ನಡಿಗರ ನಾಲಗೆಯು ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಹಚ್ಚುತ್ತದೆ. ಎಲೆಯು 'ಯೆಲೆ'ಯಾಗುತ್ತದೆ, ಒಂದು 'ವೊಂದು' ಆಗುತ್ತದೆ. ಅದೇ ನಾಲಗೆಯು ಮೊಟ್ಟೆಯನ್ನು 'ಯೆಗ್' ಎಂದಾಗ, ಉಚ್ಚಾರದ ನಿಯಮದಂತೆ 'ಎ ಯೆಗ್' ಎಂದು ಬರೆದ ಹುಡುಗನ ವ್ಯಾಕರಣ ಸರಿಯಾಗಿಯೇ ಇದೆ. ತಿದ್ದಬೇಕಾದದ್ದು ಅವನ ಉಚ್ಚಾರವನ್ನು.

ಅಂಕಿತನಾಮಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಊರು, ಕೆರೆ, ಬಿಡಿಬೆಟ್ಟಗಳಿಗೆ ಉಪಪದವಿಲ್ಲ. ಹೊಳೆ, ಕಡಲು, ಪರ್ವತಶ್ರೇಣಿ, ದ್ವೀಪಸಮೂಹಗಳಿಗೆ 'ದಿ' ಬರುತ್ತದೆ. ಪಠ್ಯಗಳಲ್ಲಿ ಇದಕ್ಕೆ ಥೇಮ್ಸ್ ನದಿಯನ್ನೂ ಆಲ್ಪ್ಸ್ ಪರ್ವತಗಳನ್ನೂ ಕರೆತರುತ್ತಾರೆ. ಸ್ವರ್ಣಾ ನದಿ, ಅರಬ್ಬೀ ಸಮುದ್ರ, ಪಶ್ಚಿಮ ಘಟ್ಟ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳು, ಮಣಿಪಾಲದ ಮಣ್ಣಪಳ್ಳ ಕೆರೆ ಇವು ಕಣ್ಣಳತೆಯಲ್ಲಿರುವಾಗ ಅಷ್ಟು ದೂರ ಹೋಗಬೇಕಾದ ಅಗತ್ಯವೇನೋ ನಮಗೆ ತಿಳಿಯದು.

ಆಂಗ್ಲದ ತರಗತಿಯಲ್ಲಿ ಕನ್ನಡದ ಸೋಂಕೇ ಕೂಡದೆಂಬ ಪಕ್ಷದವರು ನಮ್ಮ ಈ ವಿವೇಚನೆಯನ್ನೆಲ್ಲ ಆಕ್ಷೇಪಿಸಿಯಾರು. ಆಂಗ್ಲವನ್ನು ಕೇಳಿ ಕೇಳಿ ಕಲಿಯಬೇಕು, ಭಾಷಾಂತರದಿಂದ ಕಲಿಯಬಾರದು ಎಂಬುದು ಅವರ ವಾದ. ದಿನವೆಲ್ಲ ಆಂಗ್ಲವನ್ನು ಕೇಳುವ ಮಕ್ಕಳಿಗೆ ಆ ಮಾತು ಸಲ್ಲಬಹುದು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಆಂಗ್ಲವನ್ನು ಭಾಷೆಯಾಗಿ ಕಲಿಸುವ ಕ್ರಮ ಬಂದಿದ್ದರೂ, ಕಾರ್ಕಳದ ಒಳಹಳ್ಳಿಯ ಮಗುವಿನ ಕಿವಿಗೆ ಆ ಭಾಷೆ ಬೀಳುವುದು ದಿನಕ್ಕೆ ಒಂದು ಪಾಠದ ಅವಧಿಯಷ್ಟು ಮಾತ್ರ. 'ದಿ' ಎಂಬುದು ಒತ್ತಿಲ್ಲದೆ ನುಡಿಯುವ, ಕಿವಿಗೆ ಸರಿಯಾಗಿ ಬೀಳದ ಪದ; ಅದನ್ನು ಕೇಳಿಯೇ ಕಲಿಯಬೇಕಾದರೆ ಹತ್ತು ವರ್ಷವೂ ಸಾಲದು. ಇದಲ್ಲದೆ, ಅಧ್ಯಾಪಕನು ಬಾಯಿ ಮುಚ್ಚಿದರೂ ವಿದ್ಯಾರ್ಥಿಯ ತಲೆಯೊಳಗೆ ಭಾಷಾಂತರವು ನಡೆದೇ ಇರುತ್ತದೆ. ಅದು ಕತ್ತಲಲ್ಲಿ ನಡೆದಾಗ 'ದಿ' ಎಂದರೆ 'ಆ' ಎಂಬಂಥ ಸಮೀಕರಣಗಳು ಹುಟ್ಟುತ್ತವೆ. ಇನ್ನೂ ಒಂದು ಮಾತುಂಟು. ನಿನ್ನ ಭಾಷೆಯಲ್ಲಿ ಇದಿಲ್ಲ, ಅದಿಲ್ಲ ಎಂದು ಪ್ರತಿ ಪಾಠದಲ್ಲಿಯೂ ಕೇಳುವ ಮಗು ಕೊನೆಗೆ ತನ್ನ ಭಾಷೆಯೇ ಅಡ್ಡಿಯೆಂದು ನಂಬುತ್ತದೆ. ಅದರ ತಂದೆತಾಯಿಗಳೂ ನಂಬುತ್ತಾರೆ. ಕನ್ನಡ ಶಾಲೆಗಳ ಬೆಂಚುಗಳು ಬರಿದಾಗುತ್ತಿರುವುದಕ್ಕೆ ಕಾರಣಗಳು ಹಲವಿದ್ದರೂ ಈ ನಂಬಿಕೆ ಅವುಗಳಲ್ಲೊಂದು.

ಕನ್ನಡದ ಸಹಾಯದಿಂದ ಕಲಿಸುವುದಾದರೂ ಅದು ತುಳುವರ ಮಕ್ಕಳಿಗೆ ಪೂರ್ಣವಾಗಿ ಒದಗದು. 'ಯಾರೂ ಇಲ್ಲ' ಎಂಬುದಕ್ಕೆ ಅವರ 'ಏರ್ಲಾ ಇಜ್ಜೆರ್', 'ಏನೂ ಇಲ್ಲ' ಎಂಬುದಕ್ಕೆ 'ದಾಲ ಇಜ್ಜಿ', 'ಯಾರೋ' ಎಂಬುದಕ್ಕೆ 'ಏರೋ' ಸರಿಹೊಂದುತ್ತವೆ. ಸಂಖ್ಯೆಯ ಮೇಲಣ 'ಲಾ' ಪ್ರತ್ಯಯವನ್ನು ಮೇಲೆಯೇ ಹೇಳಿದೆವು. ಪದಕ್ರಮ, ವಿಭಕ್ತಿಗಳ ವಿಷಯದಲ್ಲಿ ತುಳುವು ಕನ್ನಡದ ಹಾದಿಯಲ್ಲಿಯೇ ನಡೆಯುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಬ್ರಿಗೆಲನ ತುಳು ವ್ಯಾಕರಣ 1872ರಲ್ಲಿಯೇ ಮಂಗಳೂರಿನಲ್ಲಿ ಅಚ್ಚಾಯಿತು, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರೊಳಗೆ ಬಂದಿವೆ. ಸಾಮಗ್ರಿಯ ಕೊರತೆಯೇನೂ ಇಲ್ಲ. ತುಳು ಮನೆಮಾತಿನ ಎಂಟನೆಯ ತರಗತಿಯ ವಿದ್ಯಾರ್ಥಿಗಳ ಪ್ರಬಂಧಗಳನ್ನು ಒಂದೆಡೆ ಕೂಡಿಸಿ, 'ದಿ' ಲೋಪವಾದ ಪ್ರತಿಯೊಂದು ಸ್ಥಳಕ್ಕೂ ತುಳು ವಾಕ್ಯವನ್ನು ಬರೆದು, ಅಲ್ಲಿ 'ಆ' ನಿಲ್ಲುತ್ತದೆಯೇ ಇಲ್ಲವೇ ಎಂದು ಗುರುತುಹಾಕುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ.